ತೆಂಗಿನ ಸೀಮೆಯ ಕೊನೇ ಮೈಲಿ: ತಾಮ್ರದಿಂದ ಗಾಜಿಗೆ

ನಮ್ಮ ಕಡೆ ಇತಿಹಾಸ ಅಂದರೆ ಶಾಸನ, ವೀರಗಲ್ಲು, ಪಾಳೇಗಾರರ ಕೋಟೆ. ಅದನ್ನೆಲ್ಲ ಬರೆಯುವ ಬ್ಲಾಗಿಗರು ಬೇಕಾದಷ್ಟು ಜನ ಇದ್ದಾರೆ, ಚೆನ್ನಾಗಿಯೇ ಬರೀತಾರೆ. ಆದರೆ ರಸ್ತೆ ಪಕ್ಕ ವಾಲಿಕೊಂಡು ನಿಂತಿರುವ ಟೆಲಿಫೋನ್ ಕಂಬದ ಇತಿಹಾಸ ಯಾರೂ ಬರೆದಿದ್ದು ನಾನು ನೋಡಿಲ್ಲ. ನಾನು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ಶಾಸನ ಓದೋಕೆ ಬರಲ್ಲ, ಕಂಬ ಓದೋಕೆ ಸ್ವಲ್ಪ ಬರುತ್ತೆ. ಹಾಗಾಗಿ ಈ ಪೋಸ್ಟು. (ಉದ್ದ ಇದೆ, ಕಾಫಿ ತಂದಿಟ್ಟುಕೊಂಡೇ ಕೂತ್ಕೊಳ್ಳಿ :-))

ಪ್ರಶ್ನೆ ಇಷ್ಟೇ. ತಿಪಟೂರು ತಾಲ್ಲೂಕಿನ ನಮ್ಮ ಹಾಲ್ಕುರಿಕೆಯಂಥ ಊರಿಗೆ ಸರಿಯಾದ ಬ್ರಾಡ್‌ಬ್ಯಾಂಡ್ ಬರೋಕೆ ಯಾಕೆ ಇಷ್ಟು ವರ್ಷ ಬೇಕಾಯ್ತು? ಬೆಂಗಳೂರೇನು ಸಾವಿರ ಮೈಲಿ ದೂರ ಇಲ್ಲ. ಅರಳಿಕಟ್ಟೆ ಮೇಲೆ ಕೇಳಿದರೆ "ಯಾರಿಗೂ ಬೇಕಿಲ್ಲ ಬಿಡಪ್ಪ" ಅನ್ನೋ ಒಂದು ಸಾಲಿನ ಉತ್ತರ ಸಿಗುತ್ತೆ. ಅದರಲ್ಲಿ ಸ್ವಲ್ಪ ಸತ್ಯ ಇರಬಹುದು. ಮಿಕ್ಕಿದ್ದು ತಂತಿಯೊಳಗೇ ಇದೆ.

ಕೊಬ್ಬರಿ ಮತ್ತು ಟ್ರಂಕ್ ಕಾಲ್

ತೆಂಗಿನ ಸೀಮೆಗೆ ಫೋನು ಯಾಕೆ ಬೇಕು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ನಮ್ಮಲ್ಲಿ ಕಾಯಿ ಕೆಡವಿ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿ ಆಗೋಕೆ ಹತ್ತಿರ ಹತ್ತಿರ ಒಂದು ವರ್ಷ. ಆದ ಮೇಲೂ ಅದನ್ನ ಸುಲಿದು ಮಾರ್ಕೆಟ್ಟಿಗೆ ಹೊರೋದು ಯಾವಾಗ ಅನ್ನೋದು ರೈತನ ಕೈಯಲ್ಲೇ ಇರುತ್ತೆ. ಇವತ್ತಿನ ರೇಟು ಗೊತ್ತಿದ್ದವನು ತಡೆದು ಮಾರಬಹುದು. ಗೊತ್ತಿಲ್ಲದವನು ತಿಪಟೂರಿಗೆ ಗಾಡಿ ಕಟ್ಟಿಕೊಂಡು ಹೋದ ಮೇಲೆ ಸಿಕ್ಕಿದ ಬೆಲೆಗೆ ಕೊಟ್ಟು ಬರಬೇಕು. ಕೊಬ್ಬರಿ ಹೋಗೋದು ಉತ್ತರ ಭಾರತಕ್ಕೆ. ಅಲ್ಲಿನ ಬೇಡಿಕೆ ಮಂಡಿಯವರಿಗೆ ಮೊದಲು ಗೊತ್ತಾಗುತ್ತಿತ್ತು, ಯಾಕಂದ್ರೆ ಫೋನ್ ಇದ್ದದ್ದು ಅವರ ಹತ್ತಿರ.

ಆಗಿನ ಫೋನೂ ಅಷ್ಟು ಸುಲಭದ್ದಲ್ಲ. ಎಕ್ಸ್‌ಚೇಂಜಿನಲ್ಲಿ ಆಪರೇಟರು ಕೈಯಿಂದ ಪ್ಲಗ್ ಚುಚ್ಚಿ ಕೂಡಿಸಬೇಕು. ದೂರದ ಊರಿಗೆ ಮಾತಾಡಬೇಕು ಅಂದರೆ ಟ್ರಂಕ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ್ಜೆ. ಲೈಟ್ನಿಂಗ್ ಅಂದರೆ ಮಿಂಚಿನ ಹಾಗೆ ಬೇಗ, ದುಡ್ಡೂ ಹಲವು ಪಟ್ಟು.

ಆಪರೇಟರ್ ಇಲ್ಲದ ಎಕ್ಸ್‌ಚೇಂಜನ್ನು ಮಾಡಿ ಗೆದ್ದವನು ಅಮೆರಿಕದ ಆಲ್ಮನ್ ಸ್ಟ್ರೌಜರ್. ವೃತ್ತಿಯಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವವನು! ಊರಿನ ಆಪರೇಟರು ತನ್ನ ಗಿರಾಕಿಗಳ ಕರೆಗಳನ್ನೆಲ್ಲ ಎದುರಾಳಿಯ ಕಡೆಗೆ ತಿರುಗಿಸ್ತಿದ್ದಾಳೆ ಅನ್ನೋ ಅನುಮಾನಕ್ಕೆ ಅವನು ಯಂತ್ರ ಕಂಡುಹಿಡಿದ ಅಂತ ಕಥೆ. ಪೇಟೆಂಟ್ ಸಿಕ್ಕಿದ್ದು 1891ರಲ್ಲಿ. ಇದೇ ಸ್ಟ್ರೌಜರ್ ಎಕ್ಸ್‌ಚೇಂಜುಗಳನ್ನು ಸ್ವತಂತ್ರ ಭಾರತದಲ್ಲಿ ತಯಾರಿಸಿದ್ದು ನಮ್ಮ ಬೆಂಗಳೂರಿನ ಐಟಿಐ, 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್. ಆ ಕಾರ್ಖಾನೆ ಇರೋ ಜಾಗದ ಹೆಸರೇ ದೂರವಾಣಿನಗರ. ಮನೆಮನೆಯ ಆ ಭಾರದ ಕಪ್ಪು ಫೋನು ಬಂದದ್ದೂ ಅಲ್ಲಿಂದಲೇ. ಆಪರೇಟರ್ ಇಲ್ಲದೆ ದೂರದ ಊರಿಗೆ ನಂಬರ್ ತಿರುಗಿಸುವ ಎಸ್‌ಟಿಡಿ 1960ರ ನವೆಂಬರಿನಲ್ಲಿ ಕಾನ್ಪುರ ಮತ್ತು ಲಕ್ನೋ ನಡುವೆ ಮೊದಲಾಯ್ತು.

ಇದೆಲ್ಲ ಪಟ್ಟಣದ ಕಥೆ. ಸ್ಟ್ರೌಜರ್ ಯಂತ್ರಕ್ಕೆ ದೊಡ್ಡ ಕಟ್ಟಡ ಬೇಕು, ಧೂಳಾಗಬಾರದು, ದಿನಾ ನೋಡಿಕೊಳ್ಳುವ ಜನ ಬೇಕು. ಹಳ್ಳಿಗೆ ಅದು ಹೊಂದುವ ವಸ್ತುವಲ್ಲ.

ಕಿತ್ತೂರಿನ ಪೆಟ್ಟಿಗೆ

ಹಳ್ಳಿಗೆ ಹೊಂದುವ ಎಕ್ಸ್‌ಚೇಂಜು ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕರ್ನಾಟಕದಲ್ಲೇ ಅನ್ನೋದು ಎಷ್ಟು ಜನಕ್ಕೆ ಗೊತ್ತು? 1984ರಲ್ಲಿ ಸಿ-ಡಾಟ್ ಹುಟ್ಟಿತು, ಸ್ಯಾಮ್ ಪಿಟ್ರೋಡಾ ಹೆಸರು ಎಲ್ಲರೂ ಕೇಳಿರ್ತೀರಿ. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ಸ್ವದೇಶಿ ಡಿಜಿಟಲ್ ಎಕ್ಸ್‌ಚೇಂಜ್ ಮಾಡಬೇಕು ಅನ್ನೋದು ಪಣ. ಅವರು ಮಾಡಿದ 128 ಪೋರ್ಟಿನ ಗ್ರಾಮೀಣ ಎಕ್ಸ್‌ಚೇಂಜು (ರ‍್ಯಾಕ್ಸ್ ಅಂತ ಕರೀತಿದ್ರು) 1986ರಲ್ಲಿ ಚೆನ್ನಮ್ಮನ ಕಿತ್ತೂರಿನಲ್ಲಿ ಕೆಲಸ ಶುರು ಮಾಡಿತು. ಅದರ ಹೆಗ್ಗಳಿಕೆ ಏನು ಗೊತ್ತಾ? ಏರ್ ಕಂಡೀಷನ್ ಬೇಡ. ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ವೋಲ್ಟೇಜ್ ಏರಿಳಿತ, ಎಲ್ಲ ತಡ್ಕೊಂಡು ಒಂದು ಪುಟ್ಟ ಕೋಣೆಯಲ್ಲಿ ಕೂತ್ಕೊಳ್ಳುತ್ತಿತ್ತು. ಆಮೇಲಿನ ಹತ್ತು ಹದಿನೈದು ವರ್ಷದಲ್ಲಿ ಹಳ್ಳಿಗಳಿಗೆ ಫೋನ್ ಹೋಗಿದ್ದರ ದೊಡ್ಡ ಪಾಲು ಇಂಥ ಪೆಟ್ಟಿಗೆಗಳದ್ದು.

ನಮ್ಮ ಸೀಮೆಯ ಎಸ್‌ಟಿಡಿ ಕೋಡುಗಳನ್ನು ನೋಡಿದರೆ ಆ ಕಾಲದ ನಕ್ಷೆ ಕಾಣುತ್ತೆ. ತಿಪಟೂರು 08134, ಚಿಕ್ಕನಾಯಕನಹಳ್ಳಿ 08133, ತುರುವೇಕೆರೆ 08139. ಒಂದೇ ಬೇಲಿಯ ಆಚೀಚೆ ಇರೋ ಎರಡು ತೋಟಗಳ ಕೋಡು ಬೇರೆ ಬೇರೆ ಆಗಿರಬಹುದಿತ್ತು. ಬೀಗರ ಮನೆಗೆ ನಡೆದು ಹೋಗಬಹುದು, ಆದರೆ ಫೋನ್ ಮಾಡಬೇಕಾದರೆ ಸೊನ್ನೆ ಒತ್ತಿ ಕೋಡ್ ಹಾಕಬೇಕು!

ಇಲ್ಲೊಂದು ವಿಷಯ ಗಮನಿಸಿ. ಎಕ್ಸ್‌ಚೇಂಜ್ ಡಿಜಿಟಲ್ ಆಯ್ತು. ಎಕ್ಸ್‌ಚೇಂಜಿನಿಂದ ಎಕ್ಸ್‌ಚೇಂಜಿಗೆ ಫೈಬರ್ ಬರತೊಡಗಿತು. ಆದರೆ ಎಕ್ಸ್‌ಚೇಂಜಿನಿಂದ ಮನೆಗೆ ಬರೋ ತಂತಿ ಮಾತ್ರ ಗ್ರಹಾಂ ಬೆಲ್ಲನ ಕಾಲದಿಂದ ಬಂದ ತಾಮ್ರದ ಜೋಡಿಯೇ. ಜಾಲ ಒಳಗಿನಿಂದ ಹೊಸದಾಗುತ್ತಾ ಬಂತು, ಅಂಚು ಹಳೆಯದೇ ಉಳೀತು. ಇದಕ್ಕೇ "ಕೊನೇ ಮೈಲಿ" ಅನ್ನೋದು. ನಮ್ಮ ಕಡೆ ಅದು ಒಂದು ಮೈಲಿ ಅಲ್ಲ, ಮೂರೋ ನಾಲ್ಕೋ ಮೈಲಿ. ಅಲ್ಲೇ ಇರೋದು ಗುಟ್ಟು.

ತಂತಿಯ ದಾರಿ

ಎಕ್ಸ್‌ಚೇಂಜ್ ಒಳಗೆ ಎಂಡಿಎಫ್ ಅನ್ನೋ ದೊಡ್ಡ ಚೌಕಟ್ಟು. ಅಲ್ಲಿಂದ ನೂರಾರು ಜೋಡಿ ತಂತಿಯ ದಪ್ಪ ಕೇಬಲ್ ನೆಲದೊಳಗೆ ಹೊರಟು ರಸ್ತೆ ಬದಿಯ ಕಬ್ಬಿಣದ ಪಿಲ್ಲರ್ ಸೇರುತ್ತೆ. ಪಿಲ್ಲರಿನಿಂದ ಸಣ್ಣ ಕೇಬಲುಗಳು ಕವಲೊಡೆದು ಕಂಬದ ಮೇಲಿನ ಡಿಪಿ ಬಾಕ್ಸಿಗೆ. ಡಿಪಿಯಿಂದ ಮನೆಗೆ ಡ್ರಾಪ್ ವೈರ್. ಒಂದೊಂದು ಎಳೆಯೂ ಅರ್ಧ ಮಿಲಿಮೀಟರ್ ಆಸುಪಾಸು. ಕೇಬಲ್ಲಿನೊಳಗೆ ನೀರು ಇಳಿಯದ ಹಾಗೆ ಜೆಲ್ಲಿ ತುಂಬಿರ್ತಾರೆ, ಆದರೆ ಜಾಯಿಂಟುಗಳಲ್ಲಿ ನೀರು ದಾರಿ ಹುಡುಕಿಕೊಳ್ಳುತ್ತೆ. ತೋಟದ ಸೀಮೆಯಲ್ಲಿ ಇನ್ನೊಂದು ಫಜೀತಿ, ತೆಂಗಿನ ಗರಿ. ಒಣಗಿದ ಗರಿ ಮರದ ಮೇಲಿಂದ ಬಿದ್ದರೆ ಡ್ರಾಪ್ ವೈರ್ ತಡೆಯಲ್ಲ. ಮೇಲೆ ಮುಂಗಾರಿಗೆ ಮುಂಚಿನ ಗುಡುಗು ಸಿಡಿಲು ಬೇರೆ.

ಇದನ್ನೆಲ್ಲ ನಡೆಸಿಕೊಂಡು ಹೋದವನು ಲೈನ್‌ಮ್ಯಾನ್. ಯಾವ ಪಿಲ್ಲರಿನ ಯಾವ ಜೋಡಿ ಕೆಟ್ಟಿದೆ, ಯಾವ ಜಾಯಿಂಟು ಮಳೆ ಬಂದರೆ ಕೈ ಕೊಡುತ್ತೆ, ಇದರಲ್ಲಿ ಅರ್ಧ ರಿಜಿಸ್ಟರಿನಲ್ಲಿ, ಇನ್ನರ್ಧ ಅವನ ತಲೆಯಲ್ಲಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಿರ್ರ್... ಕೀಂಯ್... 

1995ರ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆಯಿತು. ದಾರಿ ಡಯಲ್ ಅಪ್. ಮೋಡೆಮ್ ಕಿರುಚುತ್ತಾ ಎಕ್ಸ್‌ಚೇಂಜ್ ಜೊತೆ ಮಾತಾಡಬೇಕು. ಎಷ್ಟೇ ಒಳ್ಳೇ ಮೋಡೆಮ್ ಆದರೂ 56 ಕಿಲೋಬಿಟ್ ದಾಟಲಿಲ್ಲ. ಯಾಕೆ?

ಎಲ್ಲರೂ ಬೈಯೋದು ತಂತಿಗೆ. ತಪ್ಪು ತಂತಿಯದಲ್ಲ. ಫೋನ್ ಇರೋದು ಮಾತಿಗೆ. ಮಾತು ಅರ್ಥವಾಗೋಕೆ 300ರಿಂದ 3400 ಹರ್ಟ್ಸ್ ಸಾಕು ಅಂತ ಎಕ್ಸ್‌ಚೇಂಜಿನ ಕಾರ್ಡು ಮಿಕ್ಕಿದ್ದನ್ನೆಲ್ಲ ಸೋಸಿ ಬಿಸಾಕುತ್ತೆ. ಉಳಿದದ್ದನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಗೆ 8 ಬಿಟ್ ಹಾಕಿ, 64 ಕಿಲೋಬಿಟ್ಟಿನ ಡಿಜಿಟಲ್ ಪ್ರವಾಹ ಮಾಡುತ್ತೆ. ಮೋಡೆಮ್ ಇದೇ ಕಿಂಡಿಯಲ್ಲಿ ತೂರಬೇಕು. 64ಕ್ಕಿಂತ ಹೆಚ್ಚು ಸಿಗುವ ಮಾತೇ ಇಲ್ಲ.

ಅಂದಮೇಲೆ ಉಪಾಯ ಏನು? ಸಿಗ್ನಲ್ಲು ಆ ಕಿಂಡಿ ತಲುಪುವ ಮೊದಲೇ ಎಕ್ಸ್‌ಚೇಂಜಿನ ಬಾಗಿಲಲ್ಲಿ ತಂತಿಯನ್ನು ಎರಡು ದಾರಿ ಮಾಡೋದು. ಕೆಳಗಿನ ಕಂಪನ ಮಾತಿಗೆ, ಹಳೇ ದಾರಿಯಲ್ಲೇ ಹೋಗಲಿ. ಮೇಲಿನ ಕಂಪನ, ಸುಮಾರು 25 ಕಿಲೋಹರ್ಟ್ಸ್‌ನಿಂದ 1.1 ಮೆಗಾಹರ್ಟ್ಸ್‌ವರೆಗೆ, ಡೇಟಾಗೆ. ಅದನ್ನು ಹಿಡಿಯೋಕೆ ಡಿಸ್ಲಾಮ್ ಅನ್ನೋ ಬೇರೆ ಯಂತ್ರ. ಮನೆಯಲ್ಲಿ ಫೋನಿನ ಪಕ್ಕ ಒಂದು ಪುಟ್ಟ ಸ್ಪ್ಲಿಟರ್ ಡಬ್ಬಿ ಇರ್ತಿತ್ತಲ್ಲ, ಅದು ಮಾಡ್ತಿದ್ದದ್ದು ಇದೇ ಕೆಲಸ. ಫೋನಲ್ಲಿ ಮಾತಾಡ್ತಾನೇ ನೆಟ್ ಬಳಸಬಹುದು ಅನ್ನೋದೇ ಆಗ ಪವಾಡ. ಇದರ ಹೆಸರು ಎಡಿಎಸ್‌ಎಲ್. ಇದ್ದ ತಂತಿ, ಇದ್ದ ಕಂಬ, ಹೊಸ ಪೆಟ್ಟಿಗೆ ಎರಡು ತುದಿಯಲ್ಲಿ ಮಾತ್ರ.

2004ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಬ್ರಾಡ್‌ಬ್ಯಾಂಡ್ ನೀತಿ ಬಂತು. 256 ಕಿಲೋಬಿಟ್ ಇದ್ದರೆ ಬ್ರಾಡ್‌ಬ್ಯಾಂಡ್ ಅಂತ ವ್ಯಾಖ್ಯೆ. (ಅದು 2013ರಲ್ಲಿ 512 ಆಯ್ತು, 2023ರಲ್ಲಿ 2 ಮೆಗಾಬಿಟ್.) 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರುವಾಯ್ತು. 2007ರ ಜನವರಿಗೆ ವೇಗ 2 ಮೆಗಾಬಿಟ್‌ವರೆಗೆ ಏರಿತು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಲೆಕ್ಕವಿಲ್ಲದ ಡೌನ್‌ಲೋಡ್ ಇದ್ದ ಪ್ಲಾನು ನೆನಪಿದೆಯಾ? ನಾನಾಗ ಪ್ರೈಮರಿ ಶಾಲೆ, ಅದರ ಪುರಾಣ ಕೇಳಿದ್ದು ದೊಡ್ಡಮ್ಮನ ಮಗ ಅಣ್ಣನ ಬಾಯಲ್ಲಿ. ಕನ್ನಡದ ಮೊದಲ ತಲೆಮಾರಿನ ಬ್ಲಾಗುಗಳು ಬೆಳೆದದ್ದೂ ಇದೇ ವರ್ಷಗಳಲ್ಲಿ. ಯೂನಿಕೋಡು ಒಂದು ಕಾರಣ, ಈ ತಾಮ್ರದ ತಂತಿಯೂ ಒಂದು ಕಾರಣ ಅಂತ ನನ್ನ ಅಂದಾಜು.

ನಾಲೆಯ ಕೊನೆಯ ಭಾಗ

ಎಡಿಎಸ್‌ಎಲ್ ತನ್ನ ಪಟ್ಟಿಯನ್ನು 256 ಸಣ್ಣ ಕಾಲುವೆಗಳಾಗಿ ಸೀಳಿಕೊಳ್ಳುತ್ತೆ. ಪ್ರತಿ ಕಾಲುವೆಯಲ್ಲಿ ಎಷ್ಟು ಬಿಟ್ ಹರಿಯಬಹುದು ಅಂತ ಮೊದಲೇ ಪರೀಕ್ಷೆ ಮಾಡಿ ಅಷ್ಟೇ ಬಿಡುತ್ತೆ. ತಂತಿ ಉದ್ದ ಆದಷ್ಟೂ ಮೇಲಿನ ಕಂಪನದ ಕಾಲುವೆಗಳು ಒಂದೊಂದಾಗಿ ಒಣಗುತ್ತವೆ. ಹೇಮಾವತಿ ನಾಲೆಯ ಕೊನೆಯ ಭಾಗದವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಎಡಿಎಸ್‌ಎಲ್2+ ಅನ್ನೋ ಸುಧಾರಿತ ಮಾದರಿಗೆ ಕಾಗದದ ಮೇಲೆ 24 ಮೆಗಾಬಿಟ್. ಎಕ್ಸ್‌ಚೇಂಜಿನಿಂದ ಒಂದು ಕಿಲೋಮೀಟರ್ ಒಳಗಿದ್ದವರಿಗೆ ಅದರ ಹತ್ತಿರ ಹತ್ತಿರ ಸಿಗಬಹುದು. ಐದು ಕಿಲೋಮೀಟರ್ ಆಚೆ ಒಂದೆರಡು ಸಿಕ್ಕರೆ ಪುಣ್ಯ, ಅದೂ ಜಾಯಿಂಟೆಲ್ಲ ಒಣಗಿದ್ದರೆ.

ಪಟ್ಟಣದಲ್ಲಿ ಮನೆಗಳು ಎಕ್ಸ್‌ಚೇಂಜಿನ ಸುತ್ತ ಇರುತ್ತವೆ. ತೆಂಗಿನ ಸೀಮೆಯಲ್ಲಿ ಎಷ್ಟೋ ಜನ ತೋಟದ ಮನೆಯಲ್ಲೇ ಇರೋದು. ಒಂದು ಮನೆಗೂ ಇನ್ನೊಂದು ಮನೆಗೂ ಅರ್ಧ ಕಿಲೋಮೀಟರ್ ತೋಟ. ಮಾತಿಗೆ ಸಾಕಾಗಿದ್ದ ಉದ್ದದ ತಂತಿ ಡೇಟಾಗೆ ಸಾಕಾಗಲಿಲ್ಲ. ಇನ್ನು ಕೆಲವು ಹಳ್ಳಿಗಳಿಗೆ ತಂತಿ ಎಳೆಯೋದು ದುಬಾರಿ ಅಂತ ರೇಡಿಯೋ ಫೋನು, ಆಮೇಲೆ ಡಬ್ಲ್ಯೂಎಲ್‌ಎಲ್ ಫೋನು ಕೊಟ್ಟರು. ಆಗ ಅದು ಒಳ್ಳೇದೇ ಆಯ್ತು. ಆದರೆ ಬ್ರಾಡ್‌ಬ್ಯಾಂಡ್ ಬಂದಾಗ ಅಲ್ಲಿ ಮೇಲ್ದರ್ಜೆಗೇರಿಸೋಕೆ ತಾಮ್ರವೇ ಇರಲಿಲ್ಲ!

2006ರ ಹೊತ್ತಿಗೆ ರಾಜ್ಯ ಸರ್ಕಾರ ಹೋಬಳಿಗಳಲ್ಲಿ ನೆಮ್ಮದಿ ಕೇಂದ್ರ ತೆರೆದಾಗ ಪಹಣಿ ಕೊಡೋಕೆ ಉಪಗ್ರಹದ ವಿಸ್ಯಾಟ್ ತಟ್ಟೆ ಹಾಕಿದ್ದು ಸುಮ್ಮನೆ ಅಲ್ಲ. ಪಕ್ಕದ ತಾಲ್ಲೂಕು ಕಚೇರಿಯ ಮಾಹಿತಿ 36,000 ಕಿಲೋಮೀಟರ್ ಮೇಲೆ ಹೋಗಿ ಕೆಳಗಿಳಿದು ಬರ್ತಿತ್ತು. ನೆಲದ ಮೇಲಿನ ಕೊನೇ ಮೈಲಿಗಿಂತ ಆಕಾಶವೇ ಹತ್ತಿರ ಆಗಿತ್ತು ಅನ್ನಿ.

2009ರ ಜನವರಿಯಲ್ಲಿ ಸಾರ್ವತ್ರಿಕ ಸೇವಾ ನಿಧಿಯವರು ಬಿಎಸ್‌ಎನ್‌ಎಲ್ ಜೊತೆ ಒಪ್ಪಂದ ಮಾಡಿಕೊಂಡು ಗ್ರಾಮೀಣ ಎಕ್ಸ್‌ಚೇಂಜುಗಳಿಂದ 8 ಲಕ್ಷಕ್ಕೂ ಹೆಚ್ಚು ತಂತಿ ಬ್ರಾಡ್‌ಬ್ಯಾಂಡ್ ಸಂಪರ್ಕಗಳ ಗುರಿ ಇಟ್ಟುಕೊಂಡರು. ಡಿಸ್ಲಾಮ್ ಹಳ್ಳಿ ಎಕ್ಸ್‌ಚೇಂಜಿಗೇ ಬಂತು, ತಂತಿಯ ಉದ್ದ ಕಡಿಮೆಯಾಯ್ತು. ಒಳ್ಳೇ ಹೆಜ್ಜೆಯೇ. ಆದರೆ ಅಷ್ಟರಲ್ಲಿ ಜನರ ಕೈಗೆ ಮೊಬೈಲ್ ಬಂದು, ಮನೆ ಫೋನನ್ನೇ ವಾಪಸ್ ಮಾಡುತ್ತಿದ್ದರು.

ಗಾಜಿನ ನೂಲು

ಗಾಜಿನ ಎಳೆಯಲ್ಲಿ ಬೆಳಕು ಕಳಿಸಿ ದೂರ ಮಾತಾಡಬಹುದು, ಗಾಜು ಶುದ್ಧವಾಗಿದ್ದರೆ ಸಾಕು ಅಂತ ಚಾರ್ಲ್ಸ್ ಕಾವ್ 1966ರಲ್ಲಿ ತೋರಿಸಿದರು. 2009ರಲ್ಲಿ ಅದಕ್ಕೇ ನೊಬೆಲ್. 1970ರಲ್ಲಿ ಕಾರ್ನಿಂಗ್ ಕಂಪನಿಯವರು ಬಳಸಬಹುದಾದ ಮೊದಲ ಎಳೆ ಮಾಡಿದಾಗ ಕಿಲೋಮೀಟರಿಗೆ 20 ಡೆಸಿಬೆಲ್ ನಷ್ಟ, ಅಂದರೆ ನೂರರಲ್ಲಿ ಒಂದು ಪಾಲು ಬೆಳಕು ಉಳೀತಿತ್ತು. ಈಗಿನ ಎಳೆಯಲ್ಲಿ ನಷ್ಟ ಸುಮಾರು 0.2. ಕಿಲೋಮೀಟರ್ ಹೋದರೂ 95 ಪಾಲು ಉಳಿಯುತ್ತೆ. ತಾಮ್ರ ಐದು ಕಿಲೋಮೀಟರಿಗೆ ಸುಸ್ತಾದರೆ, ಗಾಜು 20 ಕಿಲೋಮೀಟರಿಗೂ ಸುಸ್ತಾಗಲ್ಲ. ಜಿಪಾನ್ ಅನ್ನೋ ಪದ್ಧತಿಯಲ್ಲಿ ಒಂದೇ ಎಳೆಯಲ್ಲಿ 2.5 ಗಿಗಾಬಿಟ್ ಇಳಿದು ಬರುತ್ತೆ. ಅದನ್ನು ಗಾಜಿನ ಸ್ಪ್ಲಿಟರಿನಲ್ಲಿ 32 ಅಥವಾ 64 ಮನೆಗೆ ಹಂಚಬಹುದು. ಹಂಚುವ ಜಾಗದಲ್ಲಿ ಕರೆಂಟೇ ಬೇಡ. ನಮ್ಮ ಕಡೆಯ ಕರೆಂಟು ಬಲ್ಲವರಿಗೆ ಇದರ ಬೆಲೆ ಗೊತ್ತು.

2011ರ ಅಕ್ಟೋಬರಿನಲ್ಲಿ ದೇಶದ ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಆಮೇಲೆ ಅದರ ಹೆಸರು ಭಾರತ್‌ನೆಟ್ ಆಯ್ತು. ಉಪಾಯ ಸರಳ. ತಾಲ್ಲೂಕು ಮಟ್ಟದವರೆಗೆ ಬಿಎಸ್‌ಎನ್‌ಎಲ್ ಫೈಬರ್ ಆಗಲೇ ಇತ್ತು. ಅಲ್ಲಿಂದ ಪಂಚಾಯಿತಿ ಕಟ್ಟಡದವರೆಗೆ ಕೊರತೆ ಬಿದ್ದಷ್ಟು ಮಾತ್ರ ಹೊಸದಾಗಿ ಹೂಳೋದು. ಒಂದು ಲಕ್ಷ ಪಂಚಾಯಿತಿಗಳ ಮೊದಲ ಹಂತ 2017ರ ಡಿಸೆಂಬರಿಗೆ ಮುಗಿಯಿತು, ಕರ್ನಾಟಕದ ಬಹುಪಾಲು ಪಂಚಾಯಿತಿಗಳು ಅದರಲ್ಲೇ ಬಂದವು. ಆದರೆ ಸಾಲಾಗಿ ಹೋಗೋ ಕೇಬಲ್ಲು ಒಂದು ಕಡೆ ಜೆಸಿಬಿ ಬಾಯಿಗೆ ಸಿಕ್ಕರೆ ಅದರಿಂದ ಮುಂದಿನ ಊರುಗಳೆಲ್ಲ ಕತ್ತಲು. 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ ತಿದ್ದಿದ ಯೋಜನೆಯಲ್ಲಿ (ಸುಮಾರು 1.39 ಲಕ್ಷ ಕೋಟಿ ರೂಪಾಯಿ) ಕೇಬಲನ್ನು ಉಂಗುರದ ಹಾಗೆ ಸುತ್ತಿಸುವ ಯೋಚನೆ ಸೇರಿದ್ದು ಇದಕ್ಕೇ. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರಲಿ ಅಂತ.

ಆದರೂ ಪಂಚಾಯಿತಿ ಕಟ್ಟಡದಿಂದ ತೋಟದ ಮನೆಗೆ? ಮತ್ತೆ ಅದೇ ಕೊನೇ ಮೈಲಿ! ಈ ಸಲ ಅದನ್ನು ದಾಟಿಸಿದವರಲ್ಲಿ ಹೆಚ್ಚಿನವರು ಊರೂರಿನ ಕೇಬಲ್ ಟೀವಿ ಹುಡುಗರು. 2019ರಲ್ಲಿ ಬಿಎಸ್‌ಎನ್‌ಎಲ್ ತನ್ನ ಫೈಬರ್ ಸೇವೆಗೆ ಭಾರತ್ ಫೈಬರ್ ಅಂತ ಹೆಸರಿಟ್ಟು, ಸ್ಥಳೀಯ ಆಪರೇಟರುಗಳನ್ನು ಪಾಲುದಾರರನ್ನಾಗಿ ಮಾಡಿಕೊಂಡಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಬೆಂಗಳೂರಿನ ಸಾಫ್ಟ್‌ವೇರಿನವರೆಲ್ಲ ಊರು ಸೇರಿದಾಗ ಈ ಹುಡುಗರಿಗೆ ಬಿಡುವೇ ಇರಲಿಲ್ಲ. ಕಂಬ ಇಲ್ಲದ ಕಡೆ ತೆಂಗಿನ ಮರಕ್ಕೇ ಕ್ಲ್ಯಾಂಪ್ ಹಾಕಿ ಕಪ್ಪು ಕೇಬಲ್ ಎಳೆದದ್ದನ್ನು ನಮ್ಮ ಸೀಮೆಯ ತೋಟಗಳಲ್ಲಿ ಈಗಲೂ ನೋಡಬಹುದು. ಗರಿ ಈಗಲೂ ಬೀಳುತ್ತೆ, ಬಿಡಿ :-)

ಲಾಭ ನಷ್ಟದ ಲೆಕ್ಕ

ಗಾಜಿಗೆ ಸಿಡಿಲಿನ ಭಯ ಕಡಿಮೆ. ಕದ್ದು ಗುಜರಿಗೆ ಮಾರೋಕೂ ಬರಲ್ಲ. ತುಂಡಾದರೆ ಒಂದು ಯಂತ್ರ ಬೆಳಕು ಬಿಟ್ಟು, ವಾಪಸ್ ಬರೋ ಸಮಯ ಅಳೆದು, ಎಷ್ಟು ಮೀಟರ್ ದೂರದಲ್ಲಿ ಕಡಿದಿದೆ ಅಂತ ಹೇಳಿಬಿಡುತ್ತೆ.

ಕಳಕೊಂಡದ್ದೂ ಇದೆ. ತಾಮ್ರದ ಫೋನಿಗೆ ಕರೆಂಟು ಬರ್ತಿದ್ದದ್ದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ, ಅದೇ ತಂತಿಯಲ್ಲಿ. ಊರೆಲ್ಲ ಕತ್ತಲಾದರೂ ಫೋನಿನಲ್ಲಿ ಡಯಲ್ ಟೋನ್ ಇರ್ತಿತ್ತು. ರಾತ್ರಿ ಹಾವು ಕಚ್ಚಿದರೆ, ಎದೆನೋವು ಬಂದರೆ, ಅದೊಂದು ಧೈರ್ಯ. ಗಾಜಿನಲ್ಲಿ ಬೆಳಕು ಮಾತ್ರ ಬರುತ್ತೆ, ಕರೆಂಟು ಬರಲ್ಲ. ಮನೆಯ ಡಬ್ಬಿಗೆ ನಾವೇ ಯುಪಿಎಸ್ ಇಡಬೇಕು. ವಯಸ್ಸಾದ ಅಪ್ಪ ಅಮ್ಮ ಇಬ್ಬರೇ ತೋಟದ ಮನೆಯಲ್ಲಿರೋರು ದಯವಿಟ್ಟು ಇದನ್ನ ಗಮನಿಸಿ, ಒಂದು ಸಣ್ಣ ಯುಪಿಎಸ್ ಕೊಡಿಸಿ.

ಇನ್ನೊಂದು ನಷ್ಟ ಜನರದ್ದು. 2020ರ ಜನವರಿ 31ರಂದು ಒಂದೇ ದಿನ ಬಿಎಸ್‌ಎನ್‌ಎಲ್‌ನ ಸುಮಾರು 78,500 ನೌಕರರು ಸ್ವಯಂ ನಿವೃತ್ತಿ ಪಡೆದರು. ಆ ಗುಂಪಿನಲ್ಲಿ ಎಷ್ಟೋ ಲೈನ್‌ಮ್ಯಾನುಗಳು, ಜಾಯಿಂಟರುಗಳು. ರಿಜಿಸ್ಟರಿನಲ್ಲಿ ಇಲ್ಲದ ಆ ಅರ್ಧ ಜ್ಞಾನ ಅವರ ಜೊತೆ ಮನೆಗೆ ಹೋಯ್ತು.

ಇದೆಲ್ಲ ಯಾಕೆ ಮುಖ್ಯ ಅಂತೀರಾ? ತಿಪಟೂರಿನ ಕೊಬ್ಬರಿ ಟೆಂಡರ್ ಈಗ ಕಂಪ್ಯೂಟರಿನಲ್ಲಿ. ಪಹಣಿ, ಪಿಂಚಣಿ, ಬೆಳೆ ವಿಮೆ ಎಲ್ಲ ಆನ್‌ಲೈನ್. 2024ರ ಆರಂಭದಲ್ಲಿ ಬೆಂಬಲ ಬೆಲೆಗೆ ನಾಫೆಡ್ ಕೊಬ್ಬರಿ ಖರೀದಿ ನೋಂದಣಿ ನಡೆದಾಗ (ಉಂಡೆ ಕೊಬ್ಬರಿಗೆ ಕ್ವಿಂಟಲ್ಲಿಗೆ 12,000, ಮೇಲೆ ರಾಜ್ಯದ 1,500 ರೂಪಾಯಿ) ಕೋಟಾ ಕೆಲವೇ ದಿನದಲ್ಲಿ ಮುಗಿದು, ಗಲಾಟೆಯಾಗಿ, ಮತ್ತೊಮ್ಮೆ ಬೆರಳಚ್ಚಿನೊಂದಿಗೆ ನೋಂದಣಿ ಮಾಡಬೇಕಾಯ್ತು. ರೈತರು ಮಾರ್ಕೆಟ್ ಯಾರ್ಡಿನಲ್ಲಿ ಗಂಟೆಗಟ್ಟಲೆ ಸಾಲು ನಿಂತರು. ಒಂದು ವರ್ಷ ಅಟ್ಟದಲ್ಲಿ ಕಾದ ಕೊಬ್ಬರಿಯ ಬೆಲೆ ಒಂದು ಕಂಪ್ಯೂಟರಿನ ಮುಂದೆ ಒಂದೆರಡು ನಿಮಿಷದಲ್ಲಿ ತೀರ್ಮಾನ ಆಗೋ ಕಾಲ ಇದು. ಟ್ರಂಕ್ ಕಾಲ್ ಕಾಲದಲ್ಲಿ ಫೋನ್ ಇದ್ದ ಮಂಡಿಯವನಿಗೂ ಇಲ್ಲದ ರೈತನಿಗೂ ಇದ್ದ ಅಂತರ ಈಗ ಬೇರೆ ರೂಪದಲ್ಲಿ ಬಂದು ನಿಂತಿದೆ. ಪಂಚಾಯಿತಿಯವರೆಗೆ ಗಾಜು ಬಂದಿದೆ ಅಂತ ಕಾಗದದಲ್ಲಿ ಇರೋದೂ, ಆ ಡಬ್ಬಿಯ ಹಸಿರು ದೀಪ ಉರಿಯುತ್ತಾ ಇರೋದೂ ಬೇರೆ ಬೇರೆ. ಮುಂದಿನ ಸಲ ಊರಿಗೆ ಹೋದಾಗ ಪಂಚಾಯಿತಿ ಆಫೀಸಿಗೆ ಹೋಗಿ ಆ ದೀಪ ನೋಡಿ ಬನ್ನಿ. ಆರಿದ್ದರೆ ಯಾಕೆ ಅಂತ ಕೇಳಿ. ಕೇಳೋದು ನಮ್ಮ ಹಕ್ಕು.

ಹಾಗೇ ನಿಮ್ಮೂರಿನ ಹಳೇ ಲೈನ್‌ಮ್ಯಾನ್ ಸಿಕ್ಕರೆ ಒಂದರ್ಧ ಗಂಟೆ ಕೂರಿಸಿಕೊಂಡು ಮಾತಾಡಿಸಿ. ಮೊದಲ ಕಂಬ ಎಲ್ಲಿ ನೆಟ್ಟರು, ಊರಿಗೆ ಮೊದಲ ಫೋನ್ ಯಾರ ಮನೆಗೆ ಬಂತು, ಇದೆಲ್ಲ ಯಾವ ಗೆಜೆಟಿಯರಿನಲ್ಲೂ ಇಲ್ಲ. ನಿಮ್ಮ ಬ್ಲಾಗಿನಲ್ಲಿ ಬರೆದಿಡಿ, ನಾನಂತೂ ಓದ್ತೀನಿ.